ಕಪ್ಪು ಬಿಳಿ ಅಂಗಿ

2025ರ ಜನವರಿ 11, ಶನಿವಾರ ಸಂಜೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗೇಟಿನ ಮುಂದೆ ನಾವೂ ನಮ್ಮ ಮಗನೂ ಸಾಲಿನಲ್ಲಿ ನಿಂತಿದ್ದೆವು. ಮಗ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟಿದ್ದ. ನಮ್ಮ ಕೈಚೀಲದಲ್ಲಿ ಕಪ್ಪು ಬಿಳಿ ಪಟ್ಟೆಯ ಹಳೆಯ ಅಂಗಿಯೊಂದಿತ್ತು. ಅದನ್ನು ಹೊರತೆಗೆಯುವಾಗ ಮಗ ಸುತ್ತಲೂ ಒಮ್ಮೆ ನೋಡಿ, "ಒಳಗೆ ಹೋದ ಮೇಲೆ ನೋಡೋಣ ಅಬ್ಬಾ, ಈಗ ಬೇಡ" ಎಂದ.

ಅಂದು ಬೆಂಗಳೂರಿನ ಎದುರು ಆಡಲು ಬಂದದ್ದು ಕೊಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್. ಹೆಸರೇ ಹಾಗಿದೆ. ಲಾಂಛನದಲ್ಲಿ ಚಂದ್ರ, ತಾರೆ ಬೇರೆ. ತನ್ನೂರಿನ ಮೈದಾನದಲ್ಲಿ ತನ್ನ ತಂದೆ ಇಂಥ ಹೆಸರಿನ ಪರವೂರ ತಂಡದ ಅಂಗಿ ತೊಟ್ಟು ಕೂರುವುದೆಂದರೆ ಹದಿನೇಳರ ಹುಡುಗನ ತಲೆಯಲ್ಲಿ ಏನೆಲ್ಲ ಹಾದುಹೋಗಿರಬಹುದು ಎಂಬುದು ನಮಗೆ ಗೊತ್ತಾಗದೆ ಇರಲಿಲ್ಲ. ಕ್ರಿಕೆಟ್ ಪಂದ್ಯದ ಮರುದಿನ ಶಾಲೆಯಲ್ಲಿ 'ನಿಮ್ಮವರು ಸೋತರಲ್ಲಾ' ಎಂಬ ಮಾತು ಕೇಳಿಸಿಕೊಂಡೇ ಬೆಳೆದವರು ನಾವು. ನಮ್ಮವರು ಯಾರು ಎಂಬ ಪ್ರಶ್ನೆಗೆ ನಮ್ಮ ಮುಖ ನೋಡಿಯೇ ಉತ್ತರ ಬರೆದುಕೊಂಡಿರುವವರಿಗೆ ಏನೆಂದು ಹೇಳುವುದು?

ಅಂಗಿಯನ್ನು ಮತ್ತೆ ಚೀಲದೊಳಗೆ ಹಾಕಿದೆವು.

ಈ 'ನಾವು' ಎಂಬುದರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಮಾಧ್ಯಮಕ್ಕೆ ಬಂದವರು. ಒಬ್ಬರೇ ಇದ್ದರೂ 'ಹಮ್' ಎನ್ನುವುದನ್ನು ಉಸ್ತಾದರು ಅಭ್ಯಾಸ ಮಾಡಿಸಿದ್ದರು. ಕನ್ನಡದಲ್ಲಿ ಬರೆಯುವಾಗಲೂ ಅದು ಬಿಟ್ಟಿಲ್ಲ. ನಮ್ಮ ಮೊದಮೊದಲ ಕಥೆಗಳಲ್ಲಿ ಸಂಪಾದಕರೊಬ್ಬರು 'ನಾವು' ಎಂದಿದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೀಟು ಹಾಕಿ ಕಳಿಸಿದ್ದುಂಟು. ಆದರೆ ಫುಟ್‌ಬಾಲ್ ಅಭಿಮಾನಿಗೆ ಈ ದೋಷ ಎಲ್ಲ ಭಾಷೆಗಳಲ್ಲೂ ಇದೆ. ಜೀವನದಲ್ಲಿ ಒಮ್ಮೆಯೂ ಚೆಂಡು ಒದೆಯದವನು ಕೂಡ 'ನಾವು ಗೆದ್ದೆವು' ಎನ್ನುತ್ತಾನೆ. ಕ್ಲಬ್ಬಿನ ಒಂದು ಕುರ್ಚಿಯ ಮೇಲೂ ಹಕ್ಕಿಲ್ಲದವನು 'ನಮ್ಮ ಕ್ಲಬ್' ಎನ್ನುತ್ತಾನೆ.

ಕೊಲ್ಕತ್ತಾದ ಕ್ಲಬ್ಬು ನಮ್ಮದಾದ ಕತೆ ಸ್ವಲ್ಪ ವಿಚಿತ್ರವಾಗಿದೆ. ನಮ್ಮ ದಾದಾ ದಂಡು ಪ್ರದೇಶದವರು. ಅವರ ತಂಡ ಬೆಂಗಳೂರ್ ಮುಸ್ಲಿಮ್ಸ್. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು, ಬ್ರಿಟಿಷ್ ಪಲ್ಟನ್‌ಗಳೇ ಹೊತ್ತೊಯ್ಯುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿದ್ದು ಇದೇ ಬೆಂಗಳೂರ್ ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮೂರನೆಯ ಸಲ. ಇಂದು ಬೆಂಗಳೂರಿನಲ್ಲಿ ಈ ಹೆಸರು ಕೇಳಿದವರೇ ಕಡಿಮೆ. 1937ರ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಯಾರನ್ನು? ಮೊಹಮ್ಮಡನ್ ಸ್ಪೋರ್ಟಿಂಗನ್ನು. ಅಂದರೆ ನಮ್ಮ ಮನೆಗೆ ಆ ಕ್ಲಬ್ಬಿನ ಹೆಸರು ಮೊದಲು ಬಂದದ್ದೇ ಎದುರಾಳಿಯಾಗಿ! ಆದರೂ ದಾದಾಗೆ ಅವರ ಮೇಲೆ ಪ್ರೀತಿ. ಮೊಹಮ್ಮಡನ್‌ನವರು ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಬೆಂಗಳೂರಿನ ಹುಡುಗರೂ ರೈಲು ಹತ್ತಿ ಹೋಗಿದ್ದರು. 'ಎರಡು ಕಡೆಯೂ ನಮ್ಮ ಮಕ್ಕಳೇ' ಎಂದು ದಾದಾ ಹೇಳುತ್ತಿದ್ದರಂತೆ.

1891ರಲ್ಲಿ ಹುಟ್ಟಿದ ಈ ಕ್ಲಬ್ 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದಿತು. ಅದಕ್ಕೆ ಮುಂಚೆ ಯಾವ ಭಾರತೀಯ ತಂಡವೂ ಆ ಲೀಗ್ ಗೆದ್ದಿರಲಿಲ್ಲ. 1938ರವರೆಗೆ ಸತತ ಐದು ವರ್ಷ ಅವರೇ ಗೆದ್ದರು. ಮಳೆಗಾಲದ ಕೆಸರಿನಲ್ಲಿ ಬರಿಗಾಲಿನ ನಮ್ಮವರು ಜಾರಿ ಬೀಳುತ್ತಿದ್ದಾಗ, ಒದ್ದೆ ನೆಲಕ್ಕೆ ಬೂಟು ತೊಡಿಸಿದ್ದು ಆ ಗೆಲುವಿನ ಒಂದು ಗುಟ್ಟು. ಒಣ ನೆಲದಲ್ಲಿ ಬರಿಗಾಲೇ ಸಾಕಿತ್ತು. ಆ ತಂಡದ ಮೊಹಮ್ಮದ್ ಸಲೀಂ 1936ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ, ಗ್ಲ್ಯಾಸ್ಗೋದ ಸೆಲ್ಟಿಕ್ ತಂಡಕ್ಕೆ ಎರಡು ಪಂದ್ಯ ಆಡಿದ. ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಬೂಟಿಲ್ಲದೆ! 1940ರಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಡ್ಯುರಾಂಡ್ ಕಪ್ ಗೆದ್ದದ್ದೂ ಇದೇ ತಂಡ.

ಮುಂದಿನದು ಇಳಿಗಾಲ. ದೇಶ ಎರಡಾದಾಗ ಕ್ಲಬ್ಬಿನ ಆಟಗಾರರೂ ಹೋದರು, ಕೈಯೆತ್ತಿ ಕೊಡುತ್ತಿದ್ದ ಸಿರಿವಂತರೂ ಹೋದರು. ಉಳಿದವರು ಗ್ಯಾಲರಿಯಲ್ಲಿ ಕೂರುವ ಬಡವರು. ನಡುನಡುವೆ ಒಂದೊಂದು ಗೆಲುವು. 1981ರ ಲೀಗ್, 1983 ಮತ್ತು 84ರ ಫೆಡರೇಷನ್ ಕಪ್. ನಮ್ಮ ಅಬ್ಬಾ ಈ ಗೆಲುವುಗಳನ್ನು ಬಾಯಿಪಾಠ ಹೇಳುತ್ತಿದ್ದರು. ಶಿವಾಜಿನಗರದಲ್ಲಿ ಅವರದೊಂದು ದರ್ಜಿ ಅಂಗಡಿ. 'ಸಾಲಾರ್' ಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳು ಅಳತೆ ಪುಸ್ತಕದೊಳಗೆ ಇರುತ್ತಿದ್ದವು. ನಮ್ಮ ಕೈಚೀಲದಲ್ಲಿದ್ದ ಅಂಗಿಯನ್ನು ಹೊಲಿದವರು ಅವರೇ. ಯಾವುದೋ ಶಾಲೆಯ ಸಮವಸ್ತ್ರಕ್ಕೆ ತಂದ ಬಟ್ಟೆಯಲ್ಲಿ ಮಿಕ್ಕ ಬಿಳಿ, ಬುರ್ಖಾದ ಬಟ್ಟೆಯಲ್ಲಿ ಮಿಕ್ಕ ಕಪ್ಪು. ಪಟ್ಟೆಗಳು ಒಂದೇ ಅಗಲ ಇಲ್ಲ. ಅಬ್ಬಾ 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಕ್ಲಬ್ 40 ವರ್ಷಗಳ ಬಳಿಕ ಲೀಗ್ ಗೆದ್ದಿತು. ಆರು ತಿಂಗಳ ಅಂತರ.

ಆ ಗೆಲುವಿನ ಹಿಂದೆ ಹೊಸ ದುಡ್ಡಿತ್ತು. 2020ರಲ್ಲಿ ಒಂದು ಹೂಡಿಕೆ ಕಂಪನಿ ಕ್ಲಬ್ಬಿನ ಫುಟ್‌ಬಾಲಿಗೆ ಕೈ ಹಾಕಿತ್ತು. ಮೈದಾನದ ಬದಿಯ ಡೇರೆಯಲ್ಲಿ ಕಾರ್ಯದರ್ಶಿಗಳು ಚಹಾ ಕುಡಿಯುತ್ತ ಕ್ಲಬ್ ನಡೆಸುವ ಕಾಲ ಮುಗಿದಿದೆ ಎಂಬುದು ನಮಗೂ ಗೊತ್ತು. ಇಂಡಿಯನ್ ಸೂಪರ್ ಲೀಗಿನಲ್ಲಿ ಆಡಬೇಕಾದರೆ ಪರವಾನಗಿ ಬೇಕು, ವಿದೇಶಿ ಆಟಗಾರರು ಬೇಕು, ವಿಮಾನ, ಹೋಟೆಲು, ಎಳೆಯರ ತಂಡ, ಎಲ್ಲದಕ್ಕೂ ಕೋಟಿಗಳು ಬೇಕು. ಸದಸ್ಯರ ಚಂದಾ ಹಣದಲ್ಲಿ ಆಗುವ ಮಾತಲ್ಲ.

ಆದರೂ ಭಯವಿತ್ತು. ನೆರೆಮನೆಯವರ ಅನುಭವ ಕಣ್ಣ ಮುಂದಿತ್ತು. 1998ರಲ್ಲಿ ನಮ್ಮ ಬೆಂಗಳೂರಿನ ಯುಬಿ ಸಮೂಹವೇ ಮೋಹನ್ ಬಾಗಾನ್‌ಗೂ ಈಸ್ಟ್ ಬೆಂಗಾಲ್‌ಗೂ ಒಟ್ಟಿಗೇ ದುಡ್ಡು ಹಾಕಿ, ಒಬ್ಬರ ಹೆಸರಿನ ಮುಂದೆ ಮ್ಯಾಕ್‌ಡೊವೆಲ್, ಇನ್ನೊಬ್ಬರ ಹೆಸರಿನ ಮುಂದೆ ಕಿಂಗ್‌ಫಿಷರ್ ಎಂದು ಅಂಟಿಸಿತ್ತು. ಹಳೆಯ ಹಗೆಗೆ ಒಂದೇ ಗಲ್ಲಾಪೆಟ್ಟಿಗೆ! 2018ರಲ್ಲಿ ಬೆಂಗಳೂರಿನದೇ ಇನ್ನೊಂದು ಕಂಪನಿ ಈಸ್ಟ್ ಬೆಂಗಾಲ್‌ಗೆ ಬಂತು, ಎರಡು ವರ್ಷದಲ್ಲಿ ಹೋಯಿತು. ಅದರ ಜಾಗಕ್ಕೆ ಸಿಮೆಂಟಿನವರು ಬಂದರು, ಕರಾರಿಗೆ ಸಹಿ ಹಾಕುವ ವಿಷಯದಲ್ಲಿ ಜಗಳವಾಗಿ ಅವರೂ ಹೋದರು. 2020ರಲ್ಲಿ ಮೋಹನ್ ಬಾಗಾನ್ ಹೆಸರಿನ ಮುಂದೆ ಎಟಿಕೆ ಎಂಬ ಮೂರಕ್ಷರ ಸೇರಿದಾಗ, ಅದನ್ನು ತೆಗೆಸಲು ಅಭಿಮಾನಿಗಳು 2023ರವರೆಗೆ ಬೀದಿಯಲ್ಲಿ ಕೂಗಬೇಕಾಯಿತು.

ಆದ್ದರಿಂದ ನಮ್ಮ ಆಸೆಗಳು ದೊಡ್ಡವೇನಾಗಿರಲಿಲ್ಲ. ಹೆಸರು ಇದ್ದ ಹಾಗೇ ಇರಲಿ. ಅಂಗಿಯ ಬಣ್ಣ ಬದಲಾಗದಿರಲಿ. ಕಪ್ಪು ಬರದಿದ್ದರೂ ಪರವಾಗಿಲ್ಲ, ಕೇರಿಯ ಹುಡುಗರನ್ನು ಸೇರಿಸಿಕೊಳ್ಳುವ ಒಂದು ತಂಡವಿರಲಿ. ಇಷ್ಟೇ.

ಮಗನಿಗೆ ಇದೆಲ್ಲ ತಮಾಷೆ. ಅವನ ಕ್ಲಬ್ಬನ್ನು 2013ರಲ್ಲಿ ಹುಟ್ಟಿಸಿದ್ದೇ ಒಂದು ಉಕ್ಕಿನ ಕಂಪನಿ. ಬಳ್ಳಾರಿಯ ತೋರಣಗಲ್ಲಿನಲ್ಲಿ ಕಾರ್ಖಾನೆಯಿರುವ ಜೆಎಸ್‌ಡಬ್ಲ್ಯೂ. ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಂಡ ಕ್ಲಬ್ ಅದು. "ನಮ್ಮ ಕ್ಲಬ್ಬಿಗೆ ಮಾಲೀಕರಿದ್ದಾರೆ. ನಿಮ್ಮದಕ್ಕೆ ಇತಿಹಾಸ ಇದೆ" ಎಂದು ನಗುತ್ತಾನೆ. ಹುಡುಗ ಮಾತು ಕಲಿತಿದ್ದಾನೆ.

2024ರ ಏಪ್ರಿಲ್ 6ರಂದು ಮೊಹಮ್ಮಡನ್ ಶಿಲ್ಲಾಂಗ್‌ನಲ್ಲಿ ಗೆದ್ದು ಐ-ಲೀಗ್ ಚಾಂಪಿಯನ್ ಆಯಿತು, ಸೂಪರ್ ಲೀಗಿಗೆ ಏರಿತು. ರಂಜಾನಿನ ಕೊನೆಯ ದಿನಗಳು. ನಮ್ಮ ಮನೆಯಲ್ಲಿ ಈದ್ ಐದು ದಿನ ಮೊದಲೇ ಬಂದ ಹಾಗಿತ್ತು. ಆ ವರ್ಷವೇ ಇನ್ನೊಂದು ಉದ್ಯಮ ಸಮೂಹ ಕ್ಲಬ್ಬಿಗೆ ಜೊತೆಯಾಯಿತು. ಈಗ ಎರಡು ಕಂಪನಿಗಳು. ಪತ್ರಿಕೆಗಳಲ್ಲಿ ಕೈಕುಲುಕುವ ಚಿತ್ರ ಬಂತು. ನಮ್ಮ ಅಳತೆ ಪುಸ್ತಕಕ್ಕೆ ಅದನ್ನೂ ಸೇರಿಸಿದೆವು.

ಕಂಠೀರವಕ್ಕೆ ಬರೋಣ. ಅಲ್ಲಿ ಓಟದ ಪಥವೊಂದು ನಡುವೆ ಇರುವುದರಿಂದ ಆಟಗಾರರು ದೂರ ಕಾಣುತ್ತಾರೆ. ನಮ್ಮ ಪಕ್ಕ ಮರ್ಫಿ ಟೌನಿನ ಹಿರಿಯರೊಬ್ಬರು ಕೂತಿದ್ದರು. ಐಟಿಐ ಕಾರ್ಖಾನೆಯಿಂದ ನಿವೃತ್ತರಾದವರು, ತಮಿಳು ಬೆರೆತ ಕನ್ನಡ. ಅರ್ಧ ವಿರಾಮದಲ್ಲಿ ಚೀಲದಿಂದ ಇಣುಕುತ್ತಿದ್ದ ಅಂಗಿ ನೋಡಿ, "ಮೊಹಮ್ಮಡನ್ಸಾ? ಹಾಕ್ಕೊಳ್ಳಿ ಸಾರ್, ಅದು ದೊಡ್ಡ ಟೀಮು" ಎಂದರು. ಅಹ್ಮದ್ ಖಾನ್ ಆಟವನ್ನು ಅವರ ತಂದೆ ಕಣ್ಣಾರೆ ಕಂಡಿದ್ದರಂತೆ. ಬೆಂಗಳೂರಿನವರೇ ಆದ ಅಹ್ಮದ್ ಖಾನ್ 1948, 1952ರ ಒಲಿಂಪಿಕ್ಸ್‌ನಲ್ಲಿ ಆಡಿ, ಕೊಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ಹೆಸರಾದವರು. ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಅಂಗಿಯನ್ನು ಷರ್ಟಿನ ಮೇಲೆಯೇ ತೊಟ್ಟೆವು. ಹೊಟ್ಟೆಯ ಹತ್ತಿರ ಬಿಗಿ. ಯಾರೂ ಏನೂ ಅನ್ನಲಿಲ್ಲ. ಮಗ ಮಾತ್ರ ಸ್ವಲ್ಪ ಹೊತ್ತು ಬೇರೆ ಕಡೆ ನೋಡುತ್ತಿದ್ದ, ಆಮೇಲೆ ಮರೆತ.

ಆಟ ಮುಗಿಯಲು ಎರಡೇ ನಿಮಿಷ ಇರುವಾಗ ಉಜ್ಬೇಕಿಸ್ತಾನದ ಮಿರ್ಜಲೋಲ್ ಕಾಸಿಮೋವ್ ಫ್ರೀ ಕಿಕ್ ಹೊಡೆದ. ಗೋಲು. ಬೆಂಗಳೂರು 0, ಮೊಹಮ್ಮಡನ್ 1. ಇಡೀ ಕ್ರೀಡಾಂಗಣ ಗಪ್ಪಾಯಿತು. ನಮಗೆ ಎದ್ದು ನಿಂತದ್ದೇ ತಿಳಿಯಲಿಲ್ಲ. ಮಗನ ಮುಖ ನೋಡಿ ಕೂತೆವು. ತಂಡದಲ್ಲಿ ಮಿಜೋರಾಂ, ಮಣಿಪುರದ ಹುಡುಗರು, ಬ್ರೆಜಿಲ್, ಅರ್ಜೆಂಟೀನಾದವರು, ತರಬೇತುದಾರ ರಷ್ಯಾದವರು. ದಾದಾ ಹೇಳಿದ 'ನಮ್ಮ ಮಕ್ಕಳು' ಎಂಬ ಮಾತು ಎಷ್ಟು ಹಿಗ್ಗಿದೆ ಎನಿಸಿತು.

ಆ ಸಂತೋಷ ನಿಲ್ಲಲಿಲ್ಲ. ಆಟಗಾರರಿಗೆ ಸಂಬಳ ಬಂದಿಲ್ಲವೆಂಬ ಸುದ್ದಿ ಆ ದಿನಗಳಲ್ಲೇ ಹಬ್ಬುತ್ತಿತ್ತು. ಜನವರಿ ಮುಗಿಯುವ ಮುನ್ನ ತರಬೇತುದಾರ ಆಂಡ್ರೇ ಚೆರ್ನಿಶೋವ್ ಬಾಕಿ ಸಂಬಳದ ಕಾರಣ ಹೇಳಿ ಬಿಟ್ಟು ಹೋದರು. ನಮಗೆ ಐ-ಲೀಗ್ ಗೆದ್ದುಕೊಟ್ಟ ಮನುಷ್ಯ. 24 ಪಂದ್ಯಗಳಲ್ಲಿ ಎರಡೇ ಗೆಲುವು. ನಾವು ನೋಡಿದ್ದು ಎರಡನೆಯದು. 13 ತಂಡಗಳಲ್ಲಿ 13ನೆಯ ಸ್ಥಾನ. ಬಾಕಿ ಕೊಡದ ಕಾರಣಕ್ಕೆ 2025ರಲ್ಲಿ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ತಡೆ ಹಾಕಿತು. ಹೂಡಿಕೆದಾರರು ಕ್ಲಬ್ಬಿನವರತ್ತ, ಕ್ಲಬ್ಬಿನವರು ಹೂಡಿಕೆದಾರರತ್ತ ಬೆರಳು ತೋರಿಸಿದರು.

ಸೋತದ್ದಕ್ಕೆ ನಮಗೆ ಬೇಸರವಿಲ್ಲ. 40 ವರ್ಷ ಸೋತ ಕ್ಲಬ್ಬನ್ನು ಹೊತ್ತುಕೊಂಡವರಿಗೆ ಒಂದು ವರ್ಷ ಹೆಚ್ಚೇನಲ್ಲ. ಸಂಬಳದ ಮಾತು ಮಾತ್ರ ಮುಳ್ಳಿನಂತೆ ಕೂತಿತು. ಅಬ್ಬಾನ ಅಂಗಡಿಯಲ್ಲಿ ನಾಲ್ವರು ಕೆಲಸ ಮಾಡುತ್ತಿದ್ದರು. ಶನಿವಾರ ಮಗ್ರಿಬ್‌ನ ಅಜಾನಿಗೆ ಮುಂಚೆ ಅವರ ಕೂಲಿ ಕೈಗೆ ಬೀಳಲೇಬೇಕು. ಒಂದು ರಂಜಾನಿನಲ್ಲಿ ದೊಡ್ಡ ಅಂಗಡಿಯವರೊಬ್ಬರು ನೂರಾರು ಜುಬ್ಬಾ ಹೊಲಿಸಿಕೊಂಡು, ದುಡ್ಡು ಹಬ್ಬದ ನಂತರ ಎಂದುಬಿಟ್ಟರು. ಅಬ್ಬಾ ಮನೆಗೆ ಬಂದು ಅಮ್ಮಿಯ ಮುಂದೆ ಸುಮ್ಮನೆ ನಿಂತರು. ಅಮ್ಮಿ ಎರಡು ಬಳೆ ಬಿಚ್ಚಿ ಕೊಟ್ಟಳು. ಬಳೆಗಳು ಮರಳಿ ಬರಲಿಲ್ಲ. ಆ ಈದಿಗೆ ನಮಗೆ ಹೊಸ ಬಟ್ಟೆಯಿರಲಿಲ್ಲ, ಆದರೆ ಅಂಗಡಿಯ ನಾಲ್ವರ ಮಕ್ಕಳಿಗೂ ಇತ್ತು. ಅದಕ್ಕಾಗಿ ನಾವು ಅಬ್ಬಾನ ಮೇಲೆ ಎಷ್ಟೋ ದಿನ ಮುನಿಸಿಕೊಂಡಿದ್ದೆವು. ಹನ್ನೊಂದರ ವಯಸ್ಸು.

'ಫುಟ್‌ಬಾಲ್ ಆಟಗಾರರೇನು ಬಡವರೇ?' ಎಂದು ಗೆಳೆಯರು ಕೇಳುತ್ತಾರೆ. ಇರಲಿಕ್ಕಿಲ್ಲ. ಆದರೂ ಪರದೇಶದಿಂದ ಬಂದವನಿಗೂ ಮಿಜೋರಾಂನ ಹುಡುಗನಿಗೂ ತಿಂಗಳ ಕೊನೆ ಎಂಬುದೊಂದು ಇದ್ದೇ ಇರುತ್ತದೆ. (ಕಥೆಗಾರರಿಗೂ ಇರುತ್ತದೆ, ಆದರೆ ಅದನ್ನು ಯಾರೂ ನಂಬುವುದಿಲ್ಲ.) ಕಂಠೀರವದಲ್ಲಿ ಅಂದು ನಾವು ಎದ್ದು ಕೂಗಿದ ಗೋಲನ್ನು, ಬರಬೇಕಾದ ಸಂಬಳ ಬರದೆ ಆಡುತ್ತಿದ್ದ ತಂಡ ಹೊಡೆದದ್ದು ಎಂದು ನೆನೆದಾಗ, 'ನಾವು ಗೆದ್ದೆವು' ಎನ್ನಲು ನಾಲಿಗೆ ತಡವರಿಸುತ್ತದೆ. ಗೆಲುವಿನಲ್ಲಿ ನಾವಿದ್ದರೆ ಆ ಸಾಲದಲ್ಲೂ ನಾವಿರಬೇಕಲ್ಲ?

ಅಂಗಿ ಈಗ ಮಗನ ಕಪಾಟಿನಲ್ಲಿದೆ, ನೀಲಿ ಅಂಗಿಯ ಕೆಳಗೆ. ಹೊಸ ಹೂಡಿಕೆದಾರರ ಮಾತು ಆಮೇಲೂ ಕೇಳಿಬಂತು. ಅಂಥ ಸುದ್ದಿ ಬಂದಾಗಲೆಲ್ಲ ಮಗ ಫೋನು ಹಿಡಿದು ಓಡಿ ಬಂದು ಓದಿ ಹೇಳುತ್ತಾನೆ. ಇಷ್ಟು ಕೋಟಿ, ಇಂಥ ಆಟಗಾರ, ಇಂಥ ತರಬೇತುದಾರ. ಕೇಳಿಸಿಕೊಂಡು ನಾವು ಕೇಳುವುದು ಒಂದನ್ನೇ. "ಹಳೇ ಬಾಕಿ ಕೊಟ್ಟರಂತಾ?"

ಅವನು ಮತ್ತೆ ಫೋನಿನಲ್ಲಿ ಹುಡುಕತೊಡಗುತ್ತಾನೆ.