ಯಾರ ಎಂಜಿನ್ ದೊಡ್ಡದು?

ಈ ಬೇಸಿಗೆಯಲ್ಲಿ ಜಯನಗರದ ನಮ್ಮ ಮನೆಗೆ ಎರಡು ಪುಟಾಣಿ ರೈಲು ಎಂಜಿನ್‌ಗಳು ಬಂದವು. ಜರ್ಮನಿಯಲ್ಲಿರುವ ಮೊಮ್ಮಗ ತಂದದ್ದು ಅಲ್ಲಿಯ ಮೇರ್ಕ್ಲಿನ್ ಕಂಪನಿಯದು. ಇಂಗ್ಲೆಂಡಿನಲ್ಲಿರುವ ಮೊಮ್ಮಗಳು ತಂದದ್ದು ಹಾರ್ನ್‌ಬಿ. ಎರಡು ವರ್ಷಕ್ಕೊಮ್ಮೆ ಸೇರುವ ಮಕ್ಕಳು, ಬಂದ ದಿನವೇ ಮಾತು ಬಿಟ್ಟರು. "ತಾತ, ಯಾರದ್ದು ದೊಡ್ಡದು ನೀವೇ ಹೇಳಿ!"

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಅಳೆಯದೆ ತೀರ್ಪು ಕೊಡುವುದುಂಟೆ? ಸ್ಕೇಲು ತಂದೆ.

ಎರಡರ ಹಳಿಯ ಅಗಲವೂ 16.5 ಮಿಲಿಮೀಟರ್. ಆದರೆ ಮೇರ್ಕ್ಲಿನ್ ಎಂಜಿನ್ ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲು, ಹಾರ್ನ್‌ಬಿ 76ರಲ್ಲಿ ಒಂದು ಪಾಲು. ಕಾರಣವಿದೆ. ಇಂಗ್ಲೆಂಡಿನ ರೈಲುಗಳು ಯುರೋಪಿನ ರೈಲುಗಳಿಗಿಂತ ಗಾತ್ರದಲ್ಲಿ ಚಿಕ್ಕವು. 87ರ ಲೆಕ್ಕದಲ್ಲಿ ಮಾಡಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಳಿಯನ್ನು ಹಾಗೇ ಇಟ್ಟು ಎಂಜಿನ್ನಿನ ಮೈ ದೊಡ್ಡದು ಮಾಡಿದರು.

"ಒಂದೇ ಹಳಿ ಮೇಲೆ ಓಡಿಸಿ ನೋಡೋಣ" ಎಂದ ಹುಡುಗ. ಅದು ಆಗದು. ಹಾರ್ನ್‌ಬಿಗೆ ಎರಡು ಹಳಿಗಳಿಂದಲೇ ವಿದ್ಯುತ್ ಬರುತ್ತದೆ. ಮೇರ್ಕ್ಲಿನ್ ತನ್ನ ಹಳಿಗಳ ನಡುವೆ ಸಾಲಾಗಿರುವ ಸಣ್ಣ ಲೋಹದ ಮೊಳೆಗಳಿಂದ ಪಡೆಯುತ್ತದೆ. ಅದರ ಎಡ, ಬಲ ಚಕ್ರಗಳು ವಿದ್ಯುತ್ತಿಗೆ ಒಂದೇ. ಹಾರ್ನ್‌ಬಿ ಹಳಿಯ ಮೇಲಿಟ್ಟರೆ ಶಾರ್ಟ್ ಸರ್ಕ್ಯೂಟ್ ಆದೀತು!

ಮಕ್ಕಳೇ, ಇಂಥ ಜಗಳಕ್ಕೆ ಮನೆಗಿಂತ ಹೊರಗೆ ಉತ್ತರ ಹುಡುಕುವುದು ಒಳ್ಳೆಯದು. ಇಬ್ಬರನ್ನೂ ಜಯನಗರ ಮೆಟ್ರೋ ನಿಲ್ದಾಣಕ್ಕೆ ಕರೆದೊಯ್ದೆ. 2017ರಿಂದ ಇಲ್ಲಿ ಹಸಿರು ಮಾರ್ಗದ ರೈಲು ಓಡುತ್ತಿದೆ. ಮೇಲೆ ತಂತಿಯಿಲ್ಲ, ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್. ಮೆಟ್ರೋ ಹಳಿಯ ಅಗಲ 1435 ಮಿಲಿಮೀಟರ್. 16.5ನ್ನು 87ರಿಂದ ಗುಣಿಸಿದರೆ 1435.5. ಜರ್ಮನಿಯ ಎಂಜಿನ್ ನಮ್ಮ ಜಯನಗರದ ಹಳಿಗೆ ಸರಿಹೊಂದಿತು! 76ರಿಂದ ಗುಣಿಸಿದರೆ ಬರೀ 1254. ಹುಡುಗಿಯ ಮುಖ ಬಾಡಿತು.

ಅದೇ ಮೆಟ್ರೋ ಹತ್ತಿದೆವು. ಲಾಲ್‌ಬಾಗ್, ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯಿತು. ಮೆಜೆಸ್ಟಿಕ್‌ನಲ್ಲಿ ಇಳಿದು ದೊಡ್ಡ ರೈಲು ನಿಲ್ದಾಣಕ್ಕೆ ನಡೆದೆವು. ಪ್ಲಾಟ್‌ಫಾರಂ ಟಿಕೆಟ್ ಕೊಂಡು ಒಳಗೆ ಹೋದೆವು. ಇಲ್ಲಿ ಬ್ರಾಡ್‌ಗೇಜ್, 1676 ಮಿಲಿಮೀಟರ್, ಅಂದರೆ ಐದೂವರೆ ಅಡಿ.

ಹುಡುಗಿ ನನ್ನ ಪೆನ್ನು ಕಸಿದು ಟಿಕೆಟ್ಟಿನ ಹಿಂದೆ ಲೆಕ್ಕ ಮಾಡಿದಳು. 87ರ ಪಾಲಿಗೆ 19 ಮಿಲಿಮೀಟರಿಗಿಂತ ಹೆಚ್ಚು, 76ರ ಪಾಲಿಗೆ 22. "ತಾತ, ಇಬ್ಬರದ್ದೂ ಇಲ್ಲಿಗೆ ಆಗಲ್ಲ!" ಇಬ್ಬರೂ ಒಟ್ಟಿಗೆ ನಕ್ಕರು. ವಾಪಸು ಬರುವಾಗ ಪಕ್ಕಪಕ್ಕದಲ್ಲೇ ಕೂತರು. ನಮ್ಮ ರೈಲಿಗೆ ಸರಿಯಾದ ಹಳಿ ತಾವೇ ಮಾಡುತ್ತಾರಂತೆ!

ನಿಮಗೂ ಒಂದು ಲೆಕ್ಕ. ಮೊದಲು ಬೆಂಗಳೂರಿನಿಂದ ಮೈಸೂರಿಗೆ ಇದ್ದದ್ದು ಮೀಟರ್‌ಗೇಜ್, 1000 ಮಿಲಿಮೀಟರ್. ಅದರ 87ರ ಪಾಲು ಎಷ್ಟು? ಉತ್ತರ ನೀವು ತೆಗೆಯಿರಿ. ಆ ರೈಲಿನ ಪ್ರಯಾಣ ಹೇಗಿತ್ತೆಂದು ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿ.