ಒರಿಜಿನಲ್ ಅಂದ್ರೆ ಯಾವುದು?

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ಇಳಿದು, ಎರಡು ಕಿಲೋಮೀಟರ್ ಮಣ್ಣು ದಾರಿ ನಡೆದರೆ ನಮ್ಮ ಗೆಳೆಯನ ದೊಡ್ಡಪ್ಪನ ಮನೆ ಸಿಗುತ್ತದೆ. ಮನೆ ಪಕ್ಕದ ಕೊಟ್ಟಿಗೆಯಲ್ಲಿ ಸೌದೆ, ಕೆಟ್ಟ ಪಂಪ್‌ಸೆಟ್, ಅಡಿಕೆ ಹಾಳೆಯ ಕಟ್ಟುಗಳ ಹಿಂದೆ ಆ ಪಿಕಪ್ ನಿಂತಿತ್ತು. 2018ರಿಂದ ಒಂದಿಂಚೂ ಕದಲಿರಲಿಲ್ಲ. ಸೀಟಿನ ಸ್ಪಂಜಿನೊಳಗೆ ಇಲಿ ಸಂಸಾರ ಮಾಡಿತ್ತು. 2024ರ ದಸರಾ ರಜೆಯಲ್ಲಿ ಸುಮ್ಮನೆ ಊರು ನೋಡೋಕೆ ಹೋದ ನಾವು ನಾಲ್ಕು ಜನ (ಮೂವರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್) ಅದನ್ನು ನೋಡಿದ್ದೇ ತಡ, ಆಗುಂಬೆಯ ಸೂರ್ಯಾಸ್ತ ಮರೆತೇ ಹೋಯಿತು.

ನಿಜ ಹೇಳಬೇಕೆಂದರೆ ಹುಚ್ಚು ಹತ್ತಿದ್ದು ಅದಕ್ಕೂ ಮೊದಲೇ, ಹಾಸ್ಟೆಲಿನಲ್ಲಿ. ಅಮೆರಿಕದಲ್ಲಿ ಹಳೆ ಫೋರ್ಡ್, ಶೆವ್ರೊಲೆ ಪಿಕಪ್‌ಗಳನ್ನು ಬಿಚ್ಚಿ ಹೊಸದು ಮಾಡುವ ವಿಡಿಯೋಗಳನ್ನು ರಾತ್ರಿ ಒಂದೂವರೆವರೆಗೆ ನೋಡುತ್ತಿದ್ದೆವು. ಅಲ್ಲಿ 1950ರ ಗಾಡಿಗೂ ಡೋರು, ಮಡ್‌ಗಾರ್ಡು, ಡ್ಯಾಶ್‌ಬೋರ್ಡಿನ ಗುಂಡಿಯವರೆಗೂ ಕ್ಯಾಟಲಾಗ್ ನೋಡಿ ತರಿಸಿಕೊಳ್ಳಬಹುದು. ಬಾಡಿಯನ್ನು ಚಾಸಿಯಿಂದ ಎತ್ತಿಟ್ಟು, ಒಂದೊಂದೇ ಬೋಲ್ಟು ತೊಳೆದು, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಮಾಡಿ ನಿಲ್ಲಿಸುತ್ತಾರೆ. ನಮಗೂ ಹಾಗೇ ಮಾಡಬೇಕು ಅಂತಿತ್ತು. ಆದರೆ ಈ ಗಾಡಿ ಕಾರ್ಖಾನೆಯಿಂದ ಹೊರಬಂದ ದಿನ ಪಿಕಪ್ಪೇ ಆಗಿರಲಿಲ್ಲ.

ದೊಡ್ಡಪ್ಪ ಆರ್‌ಸಿ ಪುಸ್ತಕ ತಂದು ತೋರಿಸಿದಾಗ ಕಥೆ ಗೊತ್ತಾಯಿತು. 1974ರ ಮಹೀಂದ್ರ ಜೀಪು ಅದು. ಹುಟ್ಟಿದ್ದು ಪೆಟ್ರೋಲ್ ಇಂಜಿನ್ನಿನಲ್ಲಿ. ವಿಲ್ಲೀಸ್ ಜೀಪಿನಿಂದ ಬಂದ ಹರಿಕೇನ್ ಅನ್ನೋ ಇಂಜಿನ್: ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಥರ್ಮಲ್ ಪುಸ್ತಕದಲ್ಲಿ ಎಫ್-ಹೆಡ್ ಅಂತ ಒಂದು ಸಾಲಿನಲ್ಲಿ ಓದಿ ಮರೆತಿದ್ದೆವಲ್ಲ, ಅದೇ. 1983ರಲ್ಲಿ ದೊಡ್ಡಪ್ಪನ ತಂದೆ ಅದನ್ನು ಸೆಕೆಂಡ್‌ಹ್ಯಾಂಡ್ ತಗೊಂಡರು. ಮರುವರ್ಷ ಹಿಂಭಾಗ ಕತ್ತರಿಸಿ, ಊರಿನ ಆಚಾರರ ಕೈಲಿ ಮರದ ತೊಟ್ಟಿ ಕಟ್ಟಿಸಿದರು. 1991ರಲ್ಲಿ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದರು. "ಕುಡೀತಿತ್ತು ಮಾರಾಯಾ, ನೀರಿನ ಥರ ಕುಡೀತಿತ್ತು" ಅಂದರು ದೊಡ್ಡಪ್ಪ. ಎರಡು ಬದಲಾವಣೆಗೂ ಆರ್‌ಸಿಯಲ್ಲಿ ಸೀಲು ಇತ್ತು, ಮಸುಕಾಗಿ.

ಬಣ್ಣದ್ದು ಇನ್ನೊಂದು ತಮಾಷೆ. ಬಾನೆಟ್ಟಿನ ಮೂಲೆಯಲ್ಲಿ ಎಮರಿ ಕಾಗದದಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿದೆವು. ಮೇಲೆ ನೀಲಿ, ಅದರಡಿ ಹಳದಿ, ಅದರಡಿ ಬೂದು, ಎಲ್ಲಕ್ಕೂ ಕೆಳಗೆ ಎಲೆಹಸಿರು. ಮರ ಕಡಿದಾಗ ಕಾಣುವ ಉಂಗುರಗಳ ಹಾಗೆ. "ಹಸಿರೇ ಒರಿಜಿನಲ್" ಅಂದ ಒಬ್ಬ. "ನಂಗೆ ಬುದ್ಧಿ ತಿಳಿದಾಗಿಂದ ಹಳದಿ" ಅಂದ ದೊಡ್ಡಪ್ಪನ ಮಗ. ಜಗಳದ ಬೀಜ ಬಿದ್ದದ್ದು ಅಲ್ಲೇ, ನಮಗೆ ಆಗ ಗೊತ್ತಾಗಲಿಲ್ಲ.

ಮೊದಲು ಇಂಜಿನ್. ಈಗಿರುವುದು ಪೂಜೋ ಎಕ್ಸ್‌ಡಿಪಿ 4.90. ಹೆಸರಲ್ಲೇ ಲೆಕ್ಕ ಇದೆ: 4 ಸಿಲಿಂಡರ್, 90 ಮಿ.ಮೀ. ಬೋರ್. ಸ್ಟ್ರೋಕ್ 83 ಮಿ.ಮೀ., ಗುಣಿಸಿ ನೋಡಿ, 2112 ಸಿಸಿ ಬರುತ್ತದೆ. ಆರು ವರ್ಷ ನಿಂತಿದ್ದರಿಂದ ಜಾಮ್ ಆಗಿತ್ತು. ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನಾಲ್ಕೂ ಜನ ನೇತಾಡಿದರೂ ಊಹೂಂ. ತೀರ್ಥಹಳ್ಳಿಯ ಮೆಕ್ಯಾನಿಕ್ ಸಾಬರು ಫೋನಿನಲ್ಲೇ ಬೈದರು: "ಬಲ ಹಾಕ್ಬೇಡ್ರೋ, ರಿಂಗ್ ಮುರೀತದೆ." ಅವರು ಹೇಳಿದ ಹಾಗೆ ಇಂಜೆಕ್ಟರ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಅರ್ಧ ಲೋಟ ಡೀಸೆಲ್ಲು, ಇಂಜಿನ್ ಆಯಿಲ್ಲು ಬೆರೆಸಿ ಹುಯ್ದು, ಕಾಲೇಜಿಗೆ ವಾಪಸ್ ಬಂದೆವು. ಎರಡು ವಾರ ಬಿಟ್ಟು ಶನಿವಾರ ಹೋದಾಗ ಸ್ಪ್ಯಾನರ್ ಒಂದು ಕೂದಲಿನಷ್ಟು ತಿರುಗಿತು. ಆಮೇಲೆ ಇನ್ನೊಂದಿಷ್ಟು. ಸಂಜೆಯೊಳಗೆ ಪೂರ್ತಿ ಸುತ್ತು. ಇಂಟರ್ನಲ್ಸ್‌ನಲ್ಲಿ 20ಕ್ಕೆ 20 ಬಂದಾಗಲೂ ನಾವು ಹಾಗೆ ಕುಣಿದಿಲ್ಲ (ಬಂದಿದ್ದರೆ ತಾನೇ!).

ನವೆಂಬರಿನಲ್ಲಿ ಹೊಸ ಬ್ಯಾಟರಿ ಬಂತು. ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದರೆ ಇಂಜಿನ್ ಸ್ಟಾರ್ಟ್ ಆಗೋಲ್ಲ. ಫಿಲ್ಟರ್ ಮೇಲಿನ ಬೋಲ್ಟ್ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಗುಳ್ಳೆ ನಿಲ್ಲೋವರೆಗೆ ಕಾಯಬೇಕು, ಆಮೇಲೆ ಇಂಜೆಕ್ಟರ್ ಪೈಪುಗಳದ್ದು. ಹೀಟರ್ ಪ್ಲಗ್ ಕಾಯಿಸಿ ಸೆಲ್ಫ್ ಹೊಡೆದಾಗ ಮೊದಲು ಕೆಮ್ಮು, ಆಮೇಲೆ ಬಿಳಿ ಹೊಗೆ, ಆಮೇಲೆ ಡಗ್ ಡಗ್ ಡಗ್. ದೊಡ್ಡಮ್ಮ ಅಡುಗೆಮನೆಯಿಂದ ಓಡಿ ಬಂದು ಕಣ್ಣೊರೆಸಿಕೊಂಡರು. ಹೊಗೆಗೆ ಅಂದರು. ಇರಲಿ.

ಆ ರಾತ್ರಿಯೇ ನಮ್ಮಲ್ಲೊಬ್ಬ ಮೊಬೈಲ್ ತೆಗೆದು ಒಂದು ನಿಯಮ ಓದಿದ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ಕೆಎ ಆದಮೇಲೆ ವಿಎ ಅನ್ನೋ ಅಕ್ಷರ. ನಮ್ಮ ಗಾಡಿಗೆ ಆಗಷ್ಟೇ 50 ತುಂಬಿತ್ತು. ಎಲ್ಲರ ಕಣ್ಣೂ ಅರಳಿತು. ಆದರೆ ಅದೇ ನಿಯಮದ ಪ್ರಕಾರ ಗಾಡಿ ಮೂಲ ರೂಪದಲ್ಲೇ ಇರಬೇಕು; ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬಾಡಿಗೆಗಾಗಲಿ ದಿನನಿತ್ಯದ ಓಡಾಟಕ್ಕಾಗಲಿ ರಸ್ತೆಗೆ ಇಳಿಸುವ ಹಾಗಿಲ್ಲ.

ಅಂದರೆ ಮರದ ತೊಟ್ಟಿ ಕಿತ್ತು ಹಾಕಬೇಕು, ಡೀಸೆಲ್ ಇಂಜಿನ್ ಇಳಿಸಬೇಕು, ಹರಿಕೇನ್ ಹುಡುಕಿ ತಂದು ಮತ್ತೆ ಜೀಪು ಮಾಡಬೇಕು. ಇಬ್ಬರು ಸೈ ಅಂದೆವು, ಇಬ್ಬರು ಬೇಡ ಅಂದೆವು. ಸೈ ಅಂದವರು ಮುಂದಿನ ವಾರವೇ ಬೆಂಗಳೂರಿಗೆ ಹೋಗಿ, ಶಿವಾಜಿನಗರದ ಗುಜರಿಯಲ್ಲಿ ಒಂದು ಹರಿಕೇನ್ ಇಂಜಿನ್ ನೋಡಿ, 5,000 ರೂಪಾಯಿ ಮುಂಗಡ ಕೊಟ್ಟೇ ಬಂದರು. ಆ ದುಡ್ಡು ನಾಲ್ಕೂ ಜನ ಸೇರಿ ಬ್ರೇಕಿಗೆ ಅಂತ ಎತ್ತಿಟ್ಟದ್ದು. ಡಿಸೆಂಬರ್ ಪೂರ್ತಿ ಒಂದೇ ರೂಮಿನಲ್ಲಿದ್ದುಕೊಂಡು ಮಾತು ಬಿಟ್ಟಿದ್ದೆವು. ವೈವಾ ಪ್ರಶ್ನೆಗಳನ್ನು ಮಾತ್ರ ವಾಟ್ಸಾಪಿನಲ್ಲಿ ಹಂಚಿಕೊಳ್ಳುತ್ತಿದ್ದೆವು, ಅಷ್ಟೇ.

ಜನವರಿ ರಜೆಗೆ ಮತ್ತೆ ಊರಿಗೆ ಹೋದೆವು. ಯಾವ ಇಂಜಿನ್ ಆದರೂ ಪ್ರೊಪೆಲ್ಲರ್ ಶಾಫ್ಟಿನ ಯು.ಜೆ. ಕ್ರಾಸ್ ಬದಲಾಯಿಸಲೇಬೇಕಿತ್ತು, ಅದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಹಿಂದಿನ ಶಾಫ್ಟ್ ಬಿಚ್ಚಿ ಜಗಲಿ ಮೇಲೆ ಇಟ್ಟೆವು. ಚಾಸಿ ತೊಳೆಯೋಣ ಅಂತ ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ತಳ್ಳಿದೆವು. ಬ್ರೇಕ್ ಪೈಪುಗಳು ತುಕ್ಕು ಹಿಡಿದಿದ್ದವು, ಪೆಡಲ್ ಒತ್ತಿದರೆ ನೆಲಕ್ಕೆ ಹೋಗುತ್ತಿತ್ತು. ಪರವಾಗಿಲ್ಲ, ಹ್ಯಾಂಡ್‌ಬ್ರೇಕ್ ಇದೆಯಲ್ಲ. ಕಟಕಟ ಅಂತ ಪೂರ್ತಿ ಎಳೆದು, ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದೆವು.

ಓದುವವರಲ್ಲಿ ಮೆಕ್ಯಾನಿಕಲ್‌ನವರು ಇಲ್ಲೇ ತಲೆ ಚಚ್ಚಿಕೊಂಡಿರುತ್ತೀರಿ. ಈ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇರೋಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಜಾಗದಲ್ಲಿ ಒಂದು ಡ್ರಮ್ ಇರುತ್ತದೆ. ಅದು ಶಾಫ್ಟನ್ನು ಹಿಡಿಯುತ್ತದೆ, ಶಾಫ್ಟು ಚಕ್ರವನ್ನು ಹಿಡಿಯುತ್ತದೆ. ನಮ್ಮ ಶಾಫ್ಟು ಜಗಲಿ ಮೇಲೆ ಬಿಸಿಲು ಕಾಯಿಸುತ್ತಿತ್ತು. ಗೇರಿನಲ್ಲಿ ನಿಲ್ಲಿಸಿದ್ದರೂ ಅಷ್ಟೇ. ಆ ಡ್ರಮ್ಮನ್ನು ಬಿಚ್ಚಿ, ಉಜ್ಜಿ, ಲೈನರ್ ನೋಡಿ ಕೂರಿಸಿದ್ದು ಹಿಂದಿನ ದಿನ ನಾವೇ.

ಕೊಟ್ಟಿಗೆಯಿಂದ ಅಂಗಳಕ್ಕೆ ಇಳಿಜಾರು. ಗಾಡಿ ಸದ್ದಿಲ್ಲದೆ ಹೊರಟಿತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು, ದೊಡ್ಡಮ್ಮ ಕಾಲಿನಿಂದ ಅಡಿಕೆ ಕೆದಕುತ್ತಾ ಆಚೆ ಮೂಲೆಗೆ ಹೋಗಿದ್ದರು. ಒಂದು ನಿಮಿಷದ ಹಿಂದೆ ಈಚೆ ಮೂಲೆಯಲ್ಲಿದ್ದರು. ನಾವು ಕೂಗಿದ್ದು ಅವರಿಗೆ ಕೇಳಿಸುವ ಮುಂಚೆಯೇ ಗಾಡಿ ಅಡಿಕೆ ಮೇಲೆ ಹಾದು, ತುಳಸಿಕಟ್ಟೆಯ ಪಕ್ಕದಲ್ಲೇ ನುಗ್ಗಿ, ಹುಲ್ಲು ಬಣವೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಎರಡು ಚಕ್ರದ ಗುರುತು ಅಡಿಕೆಯ ನಡುವೆ ಸಂಜೆವರೆಗೂ ಹಾಗೇ ಇತ್ತು. ನಾಲ್ಕು ಜನರೂ ಅದರ ಕಡೆ ನೋಡದ ಹಾಗೆ ಓಡಾಡಿದೆವು.

ದೊಡ್ಡಪ್ಪ ಬೈಯಲಿಲ್ಲ. ನಾಲ್ಕು ಚಕ್ರಕ್ಕೂ ಎರಡೆರಡು ಕಲ್ಲು ತಾವೇ ಕೊಟ್ಟರು. ಊಟಕ್ಕೆ ಕೂತಾಗ ಹೇಳಿದರು: "ನಿಮ್ಮ ಅಪ್ಪ ಅಮ್ಮ ನಮ್ಮನ್ನ ನಂಬಿ ಕಳ್ಸಿದಾರೆ. ನಿಮ್ಮ ಪೈಕಿ ಒಬ್ಬ ಅದರ ಅಡಿಗೆ ಮಲಗಿದ್ದಿದ್ರೆ?" ಸ್ವಲ್ಪ ಹೊತ್ತು ಬಿಟ್ಟು, "ಬ್ರೇಕ್ ಹಿಡಿಯೋವರೆಗೂ ಇಂಜಿನ್ ಮುಟ್ಟಂಗಿಲ್ಲ" ಅಂದರು. ನಮಗೆ ತುತ್ತು ಇಳಿಯಲಿಲ್ಲ. ಆ ಊಟದಲ್ಲೇ, ಎರಡು ತಿಂಗಳಿನಿಂದ ಯಾರೂ ಕೇಳದ ಪ್ರಶ್ನೆಯನ್ನು ನಮ್ಮಲ್ಲೊಬ್ಬ ಕೇಳಿದ: "ದೊಡ್ಡಪ್ಪ, ನಿಮ್ಗೆ ಈ ಗಾಡಿ ಹೇಗಾಗ್ಬೇಕು?"

"ಹೇಗೆ ಅಂದ್ರೆ? ಅಡಿಕೆ ಹೊರ್ಬೇಕು."

ವಿಎ ಪ್ಲೇಟಿನ ಬಗ್ಗೆ ವಿವರಿಸಿದೆವು. ಅವರು ಪೂರ್ತಿ ಕೇಳಿದರು. "ಅಂದ್ರೆ ನಮ್ಮಪ್ಪ ಕಟ್ಸಿದ್ದನ್ನ ಕಿತ್ತು, ಅದಕ್ಕೂ ಮುಂಚೆ ಯಾರದ್ದೋ ಮನೇಲಿ ಹೇಗಿತ್ತೋ ಹಾಗೆ ಮಾಡೋದು. ಆಮೇಲೆ ಅದನ್ನ ಪೇಟೆಗೆ ತಗೊಂಡು ಹೋಗಂಗಿಲ್ಲ. ಅಲ್ವಾ?" ನಾವು ಹೌದು ಅಂದೆವು. ಅವರು ಮಜ್ಜಿಗೆ ಬಡಿಸಿಕೊಂಡರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಹರಿಕೇನ್‌ನ ಮುಂಗಡ ವಾಪಸ್ ಬರಲಿಲ್ಲ, ಬರುತ್ತೆ ಅಂತ ಕೇಳಲೂ ಇಲ್ಲ. ಸೈ ಅಂದಿದ್ದ ಇಬ್ಬರು ಒಂದು ತಿಂಗಳು ರಾತ್ರಿ ಮೆಸ್ ಬಿಟ್ಟು, ರೂಮಿನಲ್ಲೇ ಅವಲಕ್ಕಿ ತಿಂದು ಬ್ರೇಕಿನ ದುಡ್ಡು ತುಂಬಿಸಿದರು. ಆಮೇಲಾಮೇಲೆ ಉಳಿದಿಬ್ಬರೂ ಅವಲಕ್ಕಿಗೆ ಕೂತರು.

ಬ್ರೇಕ್ ಕೆಲಸಕ್ಕೆ ಯಾರೂ ವಿಡಿಯೋ ಮಾಡೋಲ್ಲ, ಮಾಡಿದರೂ ಯಾರೂ ನೋಡೋಲ್ಲ. ನಾಲ್ಕೂ ಡ್ರಮ್ ಬಿಚ್ಚಿದಾಗ ಎರಡು ವೀಲ್ ಸಿಲಿಂಡರಿನ ಪಿಸ್ಟನ್ನು ತುಕ್ಕಿಗೆ ಅಂಟಿಕೊಂಡಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ; ಮಲೆನಾಡಿನ ಆರು ಮಳೆಗಾಲ ಹೀರಿದ್ದರ ಫಲ ಅದು. ಹಳೆ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಎಲ್ಲಿ ಸೋರಿದರೂ ನಾಲ್ಕೂ ಹೋದವು. ಆದ್ದರಿಂದ ಉಳಿಸೋ ಮಾತೇ ಇಲ್ಲ ಅಂತ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ಹೋಸು ಎಲ್ಲಾ ಹೊಸದು ಹಾಕಿದೆವು. ಅಮೆರಿಕದ ಕ್ಯಾಟಲಾಗ್ ನೋಡಿ ಹೊಟ್ಟೆ ಉರಿದುಕೊಂಡಿದ್ದೆವಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಮಧ್ಯಾಹ್ನ ಎಲ್ಲಾ ಸಿಕ್ಕಿತು. ಮಹೀಂದ್ರದವರು ಆ ಜೀಪಿನ ವಂಶವನ್ನು ದಶಕಗಟ್ಟಲೆ ತಯಾರಿಸುತ್ತಾ ಬಂದದ್ದರ ಪುಣ್ಯ.

ಬೆಸುಗೆ ನಮ್ಮ ಕೈಗೆ ಮೀರಿದ್ದು. ಹಿಂದಿನ ಲೀಫ್ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಚಾಸಿ ಬಿರುಕು ಬಿಟ್ಟಿದ್ದನ್ನು ಸಾಬರೇ ಬಂದು ಬೆಸೆದು, ಪಟ್ಟಿ ಕೊಟ್ಟು ಹೋದರು. ತೊಟ್ಟಿಯ ಒಂಬತ್ತು ಹಲಗೆಗಳಲ್ಲಿ ಮೂರು ಲಡ್ಡಾಗಿದ್ದವು. ತಗಡು ಹೊಡೆಸೋಣವಾ ಅಂತ ಕೇಳಿದ್ದಕ್ಕೆ ದೊಡ್ಡಪ್ಪ, ತಗಡಿನ ಮೇಲೆ ಮೂಟೆ ಜಾರುತ್ತೆ, ಬೆಳಿಗ್ಗೆ ಇಬ್ಬನಿಗೆ ಒದ್ದೆಯಾಗುತ್ತೆ ಅಂದರು. ತೋಟದಲ್ಲಿ ಬಿದ್ದಿದ್ದ ಹಲಸಿನ ಮರ ಕುಯ್ಸಿ ಮೂರು ಹಲಗೆ ಮಾಡಿಸಿದೆವು. ಹಳೆಯ ಆರು ಹಲಗೆಯಲ್ಲಿ ಮೂಟೆ ಎಳೆದೂ ಎಳೆದೂ ಬಿದ್ದ ತಗ್ಗು ಕೈಗೆ ಸಿಗುತ್ತದೆ. ಹೊಸ ಮೂರು ಸಪಾಟಾಗಿ, ಹಳದಿಯಾಗಿ ಎದ್ದು ಕಾಣುತ್ತವೆ. ಪಾಲಿಶ್ ಹೊಡೆದು ಒಂದೇ ಬಣ್ಣ ಮಾಡೋಣ ಅಂತ ಯಾರೂ ಅನ್ನಲಿಲ್ಲ. ಬಾನೆಟ್ಟಿನ ಮೇಲಿನ ನಾಣ್ಯದಗಲದ ಉಂಗುರಕ್ಕೆ ವಾರ್ನಿಷ್ ಬಳಿದು ಹಾಗೇ ಬಿಟ್ಟೆವು. ಉಳಿದದ್ದೆಲ್ಲ ನೀಲಿ.

ಸರಕು ಗಾಡಿ, ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಶಿವಮೊಗ್ಗದಲ್ಲಿ ತೋರಿಸಿದ ಮೊದಲ ಸಲ ಪಾಸಾಗಲಿಲ್ಲ. ಹೆಡ್‌ಲೈಟ್ ಫೋಕಸ್ ಆಕಾಶ ನೋಡುತ್ತಿತ್ತು, ವೈರಿಂಗ್ ಮಾಡಿದ್ದು ನಮ್ಮ ಎಲೆಕ್ಟ್ರಾನಿಕ್ಸ್ ಮಹಾಶಯ. ಎರಡನೇ ಸಲ ಆಯಿತು. ಬ್ರೇಕ್ ಪರೀಕ್ಷೆಗೆ ಓಡಿಸಿ ಒಮ್ಮೆಲೇ ಒತ್ತಿದಾಗ ನಾಲ್ಕು ಚಕ್ರವೂ ಒಟ್ಟಿಗೆ ನಿಂತವು, ತೊಟ್ಟಿಯಲ್ಲಿ ಕೂತಿದ್ದ ಸ್ಟೆಪ್ನಿ ಮುಂದಕ್ಕೆ ಉರುಳಿ ಕ್ಯಾಬಿನ್ನಿಗೆ ಬಡಿಯಿತು. ಅದನ್ನು ಕಟ್ಟಬೇಕಿತ್ತು.

ಏಪ್ರಿಲಿನಲ್ಲಿ ಎಂಟು ಮೂಟೆ ಅಡಿಕೆ ಹೇರಿಕೊಂಡು ದೊಡ್ಡಪ್ಪ ಮಂಡಿಗೆ ಹೊರಟರು. ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ, ಸರಕಿನ ಗಾಡಿಯಲ್ಲಿ ಜನ ಕೂರಿಸಬಾರದು ಅಂದರು. ಬಸ್ಸಿನಲ್ಲಿ ಹಿಂದಿನಿಂದ ಹೋದೆವು. ಮಂಡಿಯಲ್ಲಿ ನಾವು ಇಳಿಯುವಷ್ಟರಲ್ಲಿ ಮೂಟೆ ಇಳಿಸಿ ಆಗಿತ್ತು, ಅವರು ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಹ್ಯಾಂಡ್‌ಬ್ರೇಕ್ ಹಿಡಿಯುತ್ತೆ ದೊಡ್ಡಪ್ಪ ಅಂದರೆ, "ಹೂಂ, ಗೊತ್ತು" ಅಂತ ಇನ್ನೊಂದು ಕಲ್ಲು ಹುಡುಕೋಕೆ ಹೋದರು. ವೈಪರ್ ಇನ್ನೂ ಸರಿಯಿಲ್ಲ, ಎಡಗಡೆಯದ್ದು ಅರ್ಧಕ್ಕೆ ನಿಂತುಬಿಡುತ್ತದೆ. ಮಳೆ ಹಿಡಿಯುವ ಮುಂಚೆ ಜೆ.ಸಿ. ರಸ್ತೆಗೆ ಒಂದು ಸಲ ಹೋಗಬೇಕು.