ಹಟ್ಟಿಯಲ್ಲಿ ಬನ್ನಿಯ ಬಂಗಾರ

ನವರಾತ್ರಿಯ ರಜೆ ಬಂದಿತೆಂದರೆ ರಾಯಚೂರು, ಲಿಂಗಸುಗೂರುಗಳ ಕಡೆಯಿಂದ ಬರುವ ಬಸ್ಸುಗಳು ಹಟ್ಟಿಯಲ್ಲಿ ಮಕ್ಕಳನ್ನೂ ಚೀಲಗಳನ್ನೂ ಇಳಿಸತೊಡಗುತ್ತವೆ. ಊರಿನ ಹೆಸರನ್ನು ಕೇಳಿ ದನಕರುಗಳ ಹಟ್ಟಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಬಂದವರಿಗೆ ಇಲ್ಲಿ ಮೊದಲು ಕಾಣುವುದು ಆಕಾಶಕ್ಕೆ ಚಾಚಿ ನಿಂತ ಕಬ್ಬಿಣದ ಗೋಪುರಗಳು, ಅವುಗಳ ನೆತ್ತಿಯಲ್ಲಿ ತಿರುಗುವ ಗಾಲಿಗಳು, ಆಚೆಗೆ ಅರೆದ ಕಲ್ಲಿನ ಬೂದು ದಿಬ್ಬಗಳು. ಪಾಳಿ ಬದಲಾಗುವ ಹೊತ್ತಿಗೆ ಕೂಗುವ ಭೋಂಗಾ ಊರಿಗೆಲ್ಲ ಗಡಿಯಾರ. ಆ ಕೂಗಿಗೆ ಬೆಂಗಳೂರಿನ ಮಕ್ಕಳು ಬೆಚ್ಚಿ ಬೀಳುತ್ತವೆ. ಹಟ್ಟಿಯ ಕೂಸುಗಳು ತೊಟ್ಟಿಲಲ್ಲಿ ಮಗ್ಗುಲು ಕೂಡ ಬದಲಿಸುವುದಿಲ್ಲ.

ಅಂಥ ಒಂದು ಬಸ್ಸಿಗಾಗಿ ಮುಂಜಾನೆಯಿಂದಲೇ ಕಾದು ನಿಂತಿದ್ದ ಹಿರಿಯರೊಬ್ಬರ ದಸರೆಯ ಕಥೆ ಇದು. ಮೂವತ್ತನಾಲ್ಕು ವರ್ಷ ಭೂಮಿಯೊಳಗೆ ಇಳಿದು ಹತ್ತಿದವರು. ಈಗ ಎಪ್ಪತ್ತು ದಾಟಿದೆ. ತಲೆಯ ಮೇಲೆ ಬಿಳಿಯ ಟೊಪ್ಪಿಗೆ, ಕೈಯಲ್ಲಿ ಬಿದಿರ ಕೋಲು. ಕೋಲು ಮೊಣಕಾಲಿಗಾಗಿ; ಗಣಿಯೊಳಗಿನ ಏಣಿಗಳು ಆ ಮೊಣಕಾಲುಗಳನ್ನು ಮೊದಲೇ ಸವೆಸಿಬಿಟ್ಟಿವೆ. ಮಗನೂ ಸೊಸೆಯೂ ಇಬ್ಬರು ಮೊಮ್ಮಕ್ಕಳೂ ಇಳಿದಾಗ ಅವರು ಮೊದಲು ಕೇಳಿದ ಮಾತು, "ಹಾದ್ಯಾಗ ಜ್ವಾಳ ಬಿತ್ತಾಕ ಹತ್ಯಾರೇನು?" ಬೆಂಗಳೂರಿನಿಂದ ರಾತ್ರಿಯೆಲ್ಲ ಮಲಗಿ ಬಂದ ಮಗನಿಗೆ ಹೊರಗಿನ ಹೊಲ ಕಂಡಿರಲಿಲ್ಲ.

ಈ ಊರಿನ ಬಂಗಾರದ ಚರಿತ್ರೆ ಅಜ್ಜನವರ ಚರಿತ್ರೆಗಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿದ ಕಪ್ಪು ಶಿಲೆಯ ಪಟ್ಟಿಯಲ್ಲಿ ಬೆಣಚು ಕಲ್ಲಿನ ಎಳೆಗಳಿವೆ. ಆ ಎಳೆಗಳಲ್ಲಿ ಬಂಗಾರವಿದೆ. ಎರಡು ಸಾವಿರ ವರ್ಷಗಳ ಹಿಂದಿನವರು ಬಂಡೆಗೆ ಬೆಂಕಿಯಿಟ್ಟು, ಕಾದ ಮೇಲೆ ಒಡೆದು, 600 ಅಡಿಗಳಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಸಿಡಿಮದ್ದಿಲ್ಲ, ವಿದ್ಯುತ್ತಿಲ್ಲ, ಗಾಳಿಯೂದುವ ಯಂತ್ರವಿಲ್ಲ. ಅವರು ಯಾರು, ಎಷ್ಟು ಮಂದಿ ಮೇಲೆ ಬರಲಿಲ್ಲ ಎಂಬುದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಂಗ್ಲ ಕಂಪನಿಯವರು ಕೆಲವು ವರ್ಷ ಅಗೆದು ಕೈಬಿಟ್ಟರು. 1947ರಲ್ಲಿ ನಿಜಾಮರ ಸಂಸ್ಥಾನದಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯೊಡನೆ ಗಣಿಯೂ ಮೈಸೂರಿಗೆ ಸೇರಿ, ಮುಂದೆ ಹಟ್ಟಿಯ ಹೆಸರನ್ನೇ ಪಡೆಯಿತು. ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ನಾಡಿನ ಬಂಗಾರದ ಮಾತೆಂದರೆ ಹಟ್ಟಿಯ ಮಾತೇ ಆಗಿದೆ.

ಇಷ್ಟನ್ನೆಲ್ಲ ಹೇಳಿದರೂ ಮೊಮ್ಮಗಳ ಪ್ರಶ್ನೆ ಒಂದೇ: "ಮುತ್ಯಾ, ನೀನು ಎಷ್ಟು ಬಂಗಾರ ನೋಡಿದ್ದೀ?"

ಅಜ್ಜನವರು ನಕ್ಕರು. ಮೂವತ್ತನಾಲ್ಕು ವರ್ಷದಲ್ಲಿ ಮೂರು ಸಲ, ಎಂದರು. ದೀಪದ ಬೆಳಕಿನಲ್ಲಿ ಬಿಳಿಯ ಕಲ್ಲಿನ ಮೇಲೆ ಅರಿಷಿಣ ಸಿಡಿದ ಹಾಗೆ ನಾಲ್ಕು ಚುಕ್ಕೆ, ಅಷ್ಟೇ. ಮಗು ನಂಬಲಿಲ್ಲ. ಆದರೆ ಅದೇ ನಿಜ. ಒಂದು ಟನ್ನು ಕಲ್ಲನ್ನು ಮೇಲಕ್ಕೆ ತಂದು, ಉಕ್ಕಿನ ಗುಂಡುಗಳುರುಳುವ ಗಿರಣಿಯಲ್ಲಿ ಹಿಟ್ಟು ಮಾಡಿ, ಸಯನೈಡಿನ ನೀರಿನಲ್ಲಿ ಕರಗಿಸಿ ತೆಗೆದರೆ ದೊರೆಯುವುದು ಕೆಲವೇ ಗ್ರಾಮು. ಉಳಿದುದೆಲ್ಲ ಊರ ಹೊರಗಿನ ಆ ಬೂದು ದಿಬ್ಬ. ಕೆಳಗೆ ಕಲ್ಲು ಒಡೆಯುವವನಿಗೆ ಎರಕ ಹೊಯ್ದ ಗಟ್ಟಿಯ ದರ್ಶನವಾಗುವುದೇ ಇಲ್ಲ.

ಅಜ್ಜನವರ ಆಸ್ತಿಯೆಂದರೆ ಹಿತ್ತಲು. ಕೆಲಸದಲ್ಲಿದ್ದಾಗ ಇದ್ದದ್ದು ಗಣಿಯ ವಸತಿಗೃಹ. ನಿವೃತ್ತಿಯಾದ ಮೇಲೆ ಊರಂಚಿನಲ್ಲಿ ಕೊಂಡ ಮೂವತ್ತು ನಲವತ್ತರ ಜಾಗದಲ್ಲಿ ಅರ್ಧದಷ್ಟು ಮನೆ, ಅರ್ಧ ಹಸಿರು. ಮೊದಲು ಅಲ್ಲಿದ್ದುದು ಬರಿಯ ಗರಸು, ಮೊಳಕೈಯಾಳ ಅಗೆದರೆ ಕಲ್ಲು. "ಕಲ್ಲು ನನಗೇನು ಹೊಸದು?" ಎಂದು ಅವರು ಹಾರೆ ಹಿಡಿದರು. ಎರಡು ಟ್ರ್ಯಾಕ್ಟರು ಎರೆಮಣ್ಣು ತರಿಸಿದರು. ಕೃಷ್ಣೆಯಿಂದ ಬರುವ ನಲ್ಲಿಯ ನೀರು ಕುಡಿಯುವುದಕ್ಕೆ. ಬಚ್ಚಲ ನೀರು ಬಾಳೆಗೆ. ಅಡುಗೆಮನೆಯ ಅಕ್ಕಿ ತೊಳೆದ ನೀರು ಕರಿಬೇವಿಗೆ. ಈ ಹಂಚಿಕೆಯಲ್ಲಿ ಯಾರೂ ಕೈಯಾಡಿಸುವಂತಿಲ್ಲ. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಬಿಸಿಲೆಂದರೆ ಹಕ್ಕಿಯೂ ಬಾಯಿ ತೆರೆದು ಕೂರುವ ಬಿಸಿಲು. ಆಗ ಈ ಹಿತ್ತಲು ಉಳಿಯುವುದು ಅಜ್ಜಿಯ ಕೊಡಗಳಿಂದ. ಆಶ್ವಯುಜದಲ್ಲಿ ಅದಕ್ಕೆಲ್ಲ ಬಡ್ಡಿ ಸಮೇತ ಫಲ ಬರುತ್ತದೆ.

ಈ ಸಲವೂ ಬಂದಿತ್ತು. ಹೀರೆಯ ಬಳ್ಳಿ ಮಾಳಿಗೆಯ ಮೇಲೇರಿ ನೆರೆಯವರ ಕಡೆಗೂ ಎರಡು ಕಾಯಿ ಇಳಿಬಿಟ್ಟಿತ್ತು. ಬೇಲಿಯುದ್ದಕ್ಕೂ ನಾಟಿದ ತೊಗರಿ ಹಳದಿ ಹೂ ತಳೆದಿತ್ತು. ಪುಂಡಿ, ರಾಜಗಿರಿ, ಮೆಂತ್ಯದ ಮಡಿಗಳು; ಬಾಗಿಲಿಗೆ ಕಟ್ಟಲು ಸಾಲು ಚೆಂಡುಹೂವು; ಮೂಲೆಯಲ್ಲಿ ಒಂದು ಪೇರಲ, ಒಂದು ನಿಂಬೆ. ಇವೆಲ್ಲದರ ನಡುವೆ ಸೀತಾಫಲ. ಈ ಗಿಡಕ್ಕೆ ಉಪಚಾರ ಬೇಡ. ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುವ ಜಾತಿ. ಆದರೆ ಅಜ್ಜನವರು ಅದನ್ನು ಕೂಸಿನಂತೆ ಸಾಕಿದ್ದಾರೆ. ಕಾಯಿಯ ಕಣ್ಣುಗಳು ಬಿರಿದು ನಡುವಿನ ಗೆರೆ ಬಿಳುಪಾದಾಗ ಕಿತ್ತು, ಹುಲ್ಲಿನಲ್ಲಿ ಮುಚ್ಚಿಟ್ಟರೆ ಮೂರು ನಾಲ್ಕು ದಿನಕ್ಕೆ ಹಣ್ಣು. ಒಂದು ದಿನ ಮೊದಲು ಕಿತ್ತರೆ ಕಲ್ಲು, ಒಂದು ದಿನ ತಡವಾದರೆ ಇಣಚಿಯ ಪಾಲು. ಯಾವ ಕಾಯಿ ಯಾವ ದಿನ ಎಂಬುದನ್ನು ಅವರು ಮೊಮ್ಮಗನಿಗೆ ಬೆರಳಿಟ್ಟು ತೋರಿಸಿದರು. ಹುಡುಗ ಹಿಸುಕಿ ನೋಡಲು ಹೋಗಿ ಎರಡನ್ನು ಕೆಡಿಸಿದ.

ಅಜ್ಜಿಯ ತೋಟ ದೇವರ ಮನೆಯಲ್ಲಿತ್ತು. ಘಟ್ಟ ಹಾಕಿದ ದಿನ ಅವರು ಹಿತ್ತಲ ಎರೆಮಣ್ಣನ್ನು ಪತ್ರಾವಳಿಯ ಮೇಲೆ ಹರಡಿ, ಜೋಳ, ಗೋಧಿ ಮೊದಲಾದ ಕಾಳುಗಳನ್ನು ಬಿತ್ತಿದ್ದರು. ದಿನಕ್ಕೊಂದು ಬೆರಳಿನಷ್ಟು ಮೊಳಕೆ ಏರುತ್ತದೆ. ಬೆಳಕಿಲ್ಲದ ಕೋಣೆಯಲ್ಲಿ ಬೆಳೆದ ಆ ಎಳೆಸಸಿಗಳ ಬಣ್ಣ ಹಸಿರಲ್ಲ, ಹೊಂಬಣ್ಣ. ಸೊಸೆ ದಿನವೂ ಬೆಳಿಗ್ಗೆ ಇಣಿಕಿ ನೋಡಿ ಎಷ್ಟಾಯಿತೆಂದು ಅಳೆಯುತ್ತಿದ್ದಳು.

ಮಗ ಮಾತ್ರ ಹಿತ್ತಲನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದನು. ಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು, ಬೆಲೆಯೂ ಒಳ್ಳೆಯದೇ. ಅಪ್ಪನಿಗೆ ರಾತ್ರಿಯ ಹೊತ್ತು ಏದುಸಿರು, ಅವ್ವನಿಗೆ ಸಕ್ಕರೆ ರೋಗ. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಗಂಟೆಗಟ್ಟಲೆಯ ಹಾದಿ. ಬೆಂಗಳೂರಿನ ನಾಲ್ಕನೆಯ ಅಂತಸ್ತಿನಲ್ಲಿ ಅವರಿಗಾಗಿ ಒಂದು ಕೋಣೆ ಸಿದ್ಧವಾಗಿತ್ತು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದರಿಂದಲೇ ಅದಕ್ಕೆ ಉತ್ತರ ಹೇಳುವುದು ಕಷ್ಟವಾಗಿತ್ತು. ಹಬ್ಬ ಮುಗಿಯಲಿ, ಎಂದು ಅಜ್ಜನವರು ಮಾತನ್ನು ಮುಂದಕ್ಕೆ ತಳ್ಳಿ, ಮರುದಿನಕ್ಕೆ ಒಂದು ಬಾಡಿಗೆಯ ಜೀಪನ್ನು ಗೊತ್ತುಮಾಡಿಬಿಟ್ಟರು.

ಮಸ್ಕಿಯನ್ನು ನೋಡದೆ ಹಟ್ಟಿಯನ್ನು ನೋಡಿದರೆ ಅರ್ಧ ಕಥೆ ಕೇಳಿದಂತೆ. ದಾರಿಯ ಎರಡೂ ಕಡೆ ಸಜ್ಜೆಯ ತೆನೆ ಮುರಿಯುತ್ತಿದ್ದರು. ಹತ್ತಿ ಅಲ್ಲಲ್ಲಿ ಬಿರಿದಿತ್ತು. ಹಿಂಗಾರಿ ಜೋಳಕ್ಕೆ ಹೊಲ ಹದವಾಗಿತ್ತು. ಮಸ್ಕಿಯಿಂದ ಇನ್ನೂ ಮುಂದೆ ಸಿಂಧನೂರಿನ ಕಡೆಗೆ ಹೋದರೆ ಕಾಲುವೆಯ ನೀರು, ಕಣ್ಣು ಹರಿಯುವಷ್ಟು ದೂರ ಬತ್ತ. ತುಂಗಭದ್ರೆಯ ಎಡದಂಡೆ ಆ ನೆಲದ ಊಟವನ್ನೇ ಬದಲಿಸಿಬಿಟ್ಟಿದೆ. ಅಜ್ಜಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಮಾತ್ರ ಹಳೆಯ ನೆಲದ ಊಟವೇ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಹಿಂಡಿ, ಶೇಂಗಾದ ಹೋಳಿಗೆ.

ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಬರಹವನ್ನು 1915ರಲ್ಲಿ ಕಂಡುಹಿಡಿದವನು ಚರಿತ್ರಕಾರನಲ್ಲ, ಬೀಡನ್ ಎಂಬ ಗಣಿ ಎಂಜಿನಿಯರು. ಬಂಗಾರವನ್ನು ಹುಡುಕುತ್ತ ಬಂದವನಿಗೆ ಸಿಕ್ಕಿದ್ದು ಒಂದು ಹೆಸರು. ಅದಕ್ಕೆ ಮೊದಲು, 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಂದಿನಿಂದ, ಬಂಡೆಗಳ ಮೇಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ ಕಾಣುತ್ತಿದ್ದವು. ಆತ ಅಶೋಕನೇ ಎಂಬುದಕ್ಕೆ ಬೌದ್ಧ ಗ್ರಂಥಗಳ ಆಧಾರವಿದ್ದರೂ ಬಂಡೆಯ ಬಾಯಿಂದ ಬಂದ ಸಾಕ್ಷಿಯಿರಲಿಲ್ಲ. ಮಸ್ಕಿಯ ಬಂಡೆ ಅಶೋಕ ಎಂದು ಸ್ಪಷ್ಟವಾಗಿ ನುಡಿಯಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲಿ ಆ ಹೆಸರು ಮತ್ತೆ ದೊರೆತದ್ದು ಬಹಳ ಕಾಲದ ಮೇಲೆ.

"ಅಶೋಕ ಇಲ್ಲಿಗೆ ಬಂದಿದ್ದನಾ, ಮುತ್ಯಾ?"

"ಬಂದಿದ್ದನೋ ಇಲ್ಲೋ ಯಾರು ಕಂಡಾರವ್ವಾ! ಇಲ್ಲಿ ಬಂಗಾರ ಐತಿ ಅನ್ನೋದು ಮಾತ್ರ ಆತಗ ಗೊತ್ತಿದ್ದೀತು."

ಅಜ್ಜನವರ ಈ ಊಹೆಯನ್ನು ಪಂಡಿತರೂ ತಳ್ಳಿಹಾಕಿಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ರಾಜಕುಮಾರನಿದ್ದ ನಗರವೆಂದು ಹೇಳಿರುವ ಸುವರ್ಣಗಿರಿ ಈ ಸೀಮೆಯದೇ ಎಂದು ಹಲವರ ಮತ. ಮಸ್ಕಿಯೋ ಕನಕಗಿರಿಯೋ ಎಂಬಲ್ಲಿ ಒಮ್ಮತವಿಲ್ಲ. ಹಿರಿಯರಿಗೆ ಹಿಡಿಸಿದ್ದು ಶಾಸನದ ಬೇರೊಂದು ಮಾತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವನಿಗೂ ಅದು ಎಟಕುವುದು, ಎಂದು ಅರಸ ಅಲ್ಲಿ ಹೇಳಿಸಿದ್ದಾನೆ. ಅರ್ಥವನ್ನು ಮಗ ಓದಿ ಹೇಳಿದಾಗ ಅವರು ಎರಡು ಸಲ ಕೇಳಿಸಿಕೊಂಡರು. ಮೊಣಕಾಲು ಹಿಡಿದುಕೊಂಡು ಬಂಡೆಯ ಬಳಿಯೇ ಕುಳಿತರು. ಮಕ್ಕಳು ಗುಡ್ಡವನ್ನು ಹತ್ತಿ ಇಳಿಯುವವರೆಗೂ ಏಳಲಿಲ್ಲ. ತಂದೆ ಕುಳಿತು ಉಸಿರಾಡುವುದನ್ನು ಮಗ ದೂರದಿಂದ ನೋಡುತ್ತಲೇ ಇದ್ದನು.

ಮುದಗಲ್ಲಿನಲ್ಲಿ ನಿಂತದ್ದು ಒಂದು ಗಂಟೆ ಮಾತ್ರ. ಬಹಮನಿಗಳೂ ವಿಜಯನಗರದವರೂ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ಕಾದಿದ ಕೋಟೆ ಅದು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ಚೆಲುವೇ ಕಾರಣವೆಂದು ಫೆರಿಷ್ತಾ ಬರೆದಿದ್ದಾನೆ. ಕಥೆಯನ್ನು ಎಷ್ಟು ನಂಬಬೇಕೋ ಓದುಗರಿಗೆ ಬಿಟ್ಟದ್ದು. ಅಲ್ಲಿಂದ ಜಲದುರ್ಗಕ್ಕೆ ಹೋಗುವ ಆಸೆಯಿತ್ತು. ಆದರೆ ನಾರಾಯಣಪುರದ ಅಣೆಯಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿತ್ತು. ಕೃಷ್ಣೆಯ ನಡುಗಡ್ಡೆಯ ಕೋಟೆಯನ್ನು ಮುಂದಿನ ರಜೆಗೆ ನೋಡೋಣವೆಂದು ಅಜ್ಜನವರು ಅಂದುಬಿಟ್ಟರು. ಮುಂದಿನ ರಜೆ ಎಂಬ ಮಾತಿಗೆ ಜೀಪಿನಲ್ಲಿ ಸ್ವಲ್ಪ ಹೊತ್ತು ಯಾರೂ ದನಿಗೂಡಿಸಲಿಲ್ಲ.

ವಿಜಯದಶಮಿಯ ಸಂಜೆ ಹಟ್ಟಿಯನ್ನು ನೋಡಬೇಕು. ಹಿಂದಿನ ದಿನವೇ ಆಯುಧಪೂಜೆಯಾಗಿ ಯಂತ್ರಗಳ ಹಣೆಗೆಲ್ಲ ಕುಂಕುಮ, ಕೊರಳಿಗೆಲ್ಲ ಚೆಂಡುಹೂವಿನ ಸರ. ಸಂಜೆ ಜನರು ಹೊಸ ಬಟ್ಟೆಯುಟ್ಟು ಬನ್ನಿಯ ಮರಕ್ಕೆ ಹೋಗಿ, ಎಲೆ ಮುರಿದುಕೊಂಡು ಮನೆಮನೆಗೂ ಬರುತ್ತಾರೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದು ಕಿರಿಯರು ಹಿರಿಯರ ಕೈಗೆ ಎಲೆಯಿತ್ತು ಕಾಲಿಗೆರಗುತ್ತಾರೆ. ಕರ್ನಾಟಕದ ಉತ್ತರದ ಊರುಗಳಲ್ಲೆಲ್ಲ ಇರುವ ಪದ್ಧತಿ ಇದು. ಆದರೆ ನಿಜವಾದ ಬಂಗಾರ ಕಾಲಡಿಯಲ್ಲಿರುವ ಊರಿನಲ್ಲಿ, ಅದನ್ನು ತೆಗೆಯುವವರೇ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವುದನ್ನು ಕಂಡಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ಅಜ್ಜನವರ ಮನೆಗೆ ಆ ಸಂಜೆ ಬಂದವರು ಎಷ್ಟೋ ಮಂದಿ. ಜೊತೆಯಲ್ಲಿ ಗಣಿಗೆ ಇಳಿದವರು, ಅವರ ಮಕ್ಕಳು, ಈಗ ಪಾಳಿಗೆ ಹೋಗುವ ಹುಡುಗರು. ಅಜ್ಜಿ ಘಟ್ಟದ ಸಸಿಗಳನ್ನು ಕಿತ್ತು ಹೆಣ್ಣುಮಕ್ಕಳ ಮುಡಿಗೂ ಗಂಡಸರ ಟೊಪ್ಪಿಗೆಗೂ ಸಿಕ್ಕಿಸಿದರು. ಅಜ್ಜನವರ ಅಂಗೈಯಲ್ಲಿ ಬನ್ನಿಯ ರಾಶಿಯೇ ಆಯಿತು. "ಎಷ್ಟು ಬಂಗಾರ ನೋಡು!" ಎಂದು ಅವರು ಮೊಮ್ಮಗಳಿಗೆ ತೋರಿಸಿದರು. ಅವಳು ಒಂದೊಂದನ್ನೇ ಎಣಿಸತೊಡಗಿದಳು.

ಮಗ ಆ ರಾತ್ರಿ ಮನೆಯ ಮಾತನ್ನು ಎತ್ತಲಿಲ್ಲ. ಎತ್ತಿದವರು ಅಜ್ಜಿ. ಸೀಗಿ ಹುಣ್ಣಿಮೆಗೆ ಹೊಲಗಳಲ್ಲಿ ಚರಗ ಚೆಲ್ಲಬೇಕು, ಬೇಲಿಯ ತೊಗರಿ ಇನ್ನೂ ಕಾಯಿ ಕಟ್ಟಿಲ್ಲ, ಯುಗಾದಿಯವರೆಗೆ ಯಾರಿಗೂ ಮಾತು ಕೊಡಬೇಡ, ಎಂದರು. ಬೇಸಿಗೆಯ ಎರಡು ತಿಂಗಳು ಬೆಂಗಳೂರಿಗೆ ಬರುವೆವು. ಅಷ್ಟು ದಿನ ಗಿಡಗಳಿಗೆ ನೀರು ಹಾಕಲು ನೆರೆಮನೆಯವರನ್ನು ಕೇಳಿಯಾಗಿದೆ. ಯಾವಾಗ ಕೇಳಿದಳೆಂದು ಅಜ್ಜನವರಿಗೇ ಗೊತ್ತಿರಲಿಲ್ಲ. ಯುಗಾದಿಯ ಮೇಲೆ ಏನು ಎಂದು ಮಗ ಕೇಳಲಿಲ್ಲ.

ಮೂರನೆಯ ದಿನ ಬಸ್ಸು ಹತ್ತುವಾಗ ಮೊಮ್ಮಗನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹುಲ್ಲು, ಹುಲ್ಲಿನಲ್ಲಿ ಹನ್ನೆರಡು ಸೀತಾಫಲ. ಮೇಲಿನ ನಾಲ್ಕು ನಾಳೆಗೆ, ನಡುವಿನವು ನಾಡಿದ್ದಿಗೆ, ತಳದವನ್ನು ಭಾನುವಾರದವರೆಗೆ ಮುಟ್ಟಬೇಡ, ಹಿಸುಕಬೇಡ, ಎಂದು ಅಜ್ಜನವರು ಕಿಟಕಿಯ ಬಳಿ ನಿಂತು ಹೇಳುತ್ತಲೇ ಇದ್ದರು. ಭೋಂಗಾ ಕೂಗಿತು, ಮಾತು ಕೇಳಿಸಲಿಲ್ಲ. ಹುಡುಗ ಬೆರಳಿನಲ್ಲಿ ನಾಲ್ಕು ಎಂದು ತೋರಿಸಿ ತಲೆಯಾಡಿಸಿದನು.